ಹಳೆ ಫಿಯೆಟ್‌ಗೆ ಮುಂದೆ ಡಿಸ್ಕ್ ಬ್ರೇಕ್: ಅಳತೆಯಿಂದ ಟ್ರಯಲ್‌ವರೆಗೆ

ನಂದಿ ಬೆಟ್ಟ ಇಳಿಯುವಾಗ ಮೊದಲು ಬಂದಿದ್ದು ವಾಸನೆ. ಬ್ರೇಕ್ ಲೈನರ್ ಸುಟ್ಟ ವಾಸನೆ. ಮುಂದಿನ ಲಾರಿಯದ್ದಿರಬೇಕು ಅಂದುಕೊಂಡೆ. ಎರಡು ತಿರುವು ಕಳೆಯುವಷ್ಟರಲ್ಲಿ ಪೆಡಲ್ ಒಂದೊಂದು ಸಲಕ್ಕೂ ಒಂದಿಷ್ಟು ಕೆಳಗೆ ಹೋಗತೊಡಗಿತು. ಮುಂದೆ ಲಾರಿಯೇ ಇರಲಿಲ್ಲ. ವಾಸನೆ ನನ್ನದೇ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ತಡೆಗೋಡೆ ಪಕ್ಕ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತೆ. ಅಪ್ಪ ಕೊಂಡಿದ್ದ 1982ರ ಪ್ರೀಮಿಯರ್ ಪದ್ಮಿನಿಗೆ, ಅಂದರೆ ನಾವೆಲ್ಲ ಫಿಯೆಟ್ ಅನ್ನುವ ಕಾರಿಗೆ, ಡಿಸ್ಕ್ ಹಾಕಿಸಬೇಕು ಅಂತ ತೀರ್ಮಾನಿಸಿದ್ದು ಅಲ್ಲೇ.

ಆ ಕೆಲಸವನ್ನು ನಾನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ಡಿಸ್ಕ್, ಅದನ್ನು ಪ್ಯಾಡ್‌ಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಕೂರಿಸುವುದೇ ಕೆಲಸ ಅಂದುಕೊಂಡಿದ್ದೆ. ಅದು ಅರ್ಧ ಕೆಲಸವೂ ಅಲ್ಲ. ಚಕ್ರದ ಹಿಂದೆ ಹೊಳೆಯುವ ಡಿಸ್ಕ್ ಎಲ್ಲರಿಗೂ ಕಾಣುತ್ತದೆ. ಆದರೆ ಕಾರು ನಿಲ್ಲುತ್ತೋ ಇಲ್ಲವೋ ಅನ್ನುವುದು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಪೈಪ್, ಹಿಂದಿನ ಚಕ್ರಕ್ಕೆ ಹೋಗುವ ಪ್ರೆಷರ್ ಇವುಗಳ ಮೇಲೆ ನಿಂತಿದೆ. ಹಾಗಾಗಿ ಈ ಬರಹದಲ್ಲಿ ಆ ಭಾಗವೇ ಜಾಸ್ತಿ.

ನನ್ನ ಉದಾಹರಣೆ ಪದ್ಮಿನಿಯದ್ದು. ಅಂಬಾಸಿಡರ್, ಹೆರಾಲ್ಡ್, ಹಳೆ ಜೀಪುಗಳಿಗೂ ಲೆಕ್ಕ ಇದೇ, ಅಳತೆ ಬೇರೆ ಅಷ್ಟೇ.

ನಿಜವಾಗಿ ಬೇಕಾ?

ಮೊದಲು ಇದನ್ನು ಕೇಳಿಕೊಳ್ಳಿ. ಸರಿಯಾಗಿ ಅಡ್ಜಸ್ಟ್ ಮಾಡಿದ ಡ್ರಮ್ ಬ್ರೇಕ್ ಕೂಡ 50 ಕಿ.ಮೀ. ವೇಗದಲ್ಲಿ ಚಕ್ರವನ್ನು ಲಾಕ್ ಮಾಡುತ್ತದೆ. ಮೊದಲ ಸಲ ಒತ್ತಿದಾಗ ಡ್ರಮ್ಮಿಗೂ ಡಿಸ್ಕಿಗೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಹತ್ತನೇ ಸಲಕ್ಕೆ. ಡ್ರಮ್ ಬಿಸಿಯಾದರೆ ಹಿಗ್ಗಿ, ಒಳಗಿಂದ ಅದಕ್ಕೆ ಒತ್ತುವ ಲೈನರ್ ಅಂಟಿಸಿದ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡ್ ಕಡೆಗೇ ಹಿಗ್ಗುತ್ತದೆ. ಜೊತೆಗೆ ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ನಮ್ಮೂರ ಮಳೆಯಲ್ಲಿ ಅಂಡರ್‌ಪಾಸ್ ನೀರು ದಾಟಿ ಬಂದ ಮೇಲೆ ಡ್ರಮ್ ಒಳಗೆ ನೀರು ಉಳಿದುಬಿಡುತ್ತದೆ. ಡಿಸ್ಕ್ ಒಂದೆರಡು ಸುತ್ತಿನಲ್ಲೇ ನೀರನ್ನು ಒದರಿ ಹಾಕುತ್ತದೆ.

ಸಿಟಿಯಲ್ಲೇ ಕಾರು ಒಂದು ಕಡೆ ಎಳೆಯುತ್ತಿದ್ದರೆ, ಪೆಡಲ್ ಎರಡು ಸಲ ಒತ್ತಿದರೆ ಮಾತ್ರ ಹಿಡಿಯುತ್ತಿದ್ದರೆ, ಅದಕ್ಕೆ ಡಿಸ್ಕ್ ಮದ್ದಲ್ಲ. ಶೂ ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿರಬಹುದು, ಲೈನರ್ ಮೇಲೆ ಎಣ್ಣೆ ಬಿದ್ದಿರಬಹುದು, ಡ್ರಮ್ ಓವಲ್ ಆಗಿರಬಹುದು, ಅಥವಾ ಬರೀ ಅಡ್ಜಸ್ಟ್ ಮಾಡಿಸಬೇಕಿರಬಹುದು. ಮೊದಲು ಅದನ್ನು ಸರಿ ಮಾಡಿಸಿ ಒಂದು ವಾರ ಓಡಿಸಿ ನೋಡಿ. ಎಷ್ಟೋ ಜನರ ಡಿಸ್ಕ್ ಆಸೆ ಅಲ್ಲಿಗೇ ಮುಗಿಯುತ್ತದೆ, ದುಡ್ಡೂ ಉಳಿಯುತ್ತದೆ.

ಅಂದಹಾಗೆ, ಮೂಲ ಕಾರಿಗೆ ಅವಮಾನ ಆಯಿತು ಅನ್ನುವವರಿಗೆ ಒಂದು ಮಾತು. ಇಟಲಿಯಲ್ಲಿ ಇದೇ ವಂಶದ ಫಿಯೆಟ್ 1100ಆರ್, 1966ರಲ್ಲೇ ಮುಂದೆ ಡಿಸ್ಕ್ ಬ್ರೇಕ್ ಜೊತೆ ಬಂದಿತ್ತು. ಹದಿನಾರು ವರ್ಷ ಆದ ಮೇಲೆ ಬಂದ ನನ್ನ ಕಾರಿನಲ್ಲಿ ನಾಲ್ಕೂ ಕಡೆ ಡ್ರಮ್ಮೇ.

ಹಿಂದಿನ ಚಕ್ರಕ್ಕೂ ಡಿಸ್ಕ್ ಬೇಕಾ ಅಂತ ಕೇಳುವವರು ಇದ್ದಾರೆ. ಬೇಡ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಹಿಂದೆ ಡ್ರಮ್ ಇದ್ದರೆ ಹ್ಯಾಂಡ್‌ಬ್ರೇಕ್ ಇದ್ದ ಹಾಗೇ ಉಳಿಯುತ್ತದೆ.

ಸಾಮಾನು ಕೊಳ್ಳುವ ಮೊದಲು ಅಳತೆ

ಬೆಂಗಳೂರಿನಲ್ಲಿ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಬರಿಗೈಲಿ ಹೋಗಬೇಡಿ. "ಫಿಯೆಟ್‌ಗೆ ಡಿಸ್ಕ್ ಸೆಟ್ ಕೊಡಿ" ಅಂದರೆ ಅಂಗಡಿಯವರು ಏನೋ ಒಂದು ಕೊಡುತ್ತಾರೆ. ಮನೆಗೆ ತಂದು ನೋಡಿದರೆ ಬೋಲ್ಟ್ ಹೋಲ್ ಕೂರಲ್ಲ.

ಮೊದಲ ಅಳತೆ ಪಿಸಿಡಿ, ಅಂದರೆ ಚಕ್ರದ ಬೋಲ್ಟ್‌ಗಳು ಕೂತಿರುವ ವೃತ್ತದ ವ್ಯಾಸ. ನಾಲ್ಕು ಬೋಲ್ಟ್ ಇದ್ದರೆ ಎದುರುಬದುರು ಬೋಲ್ಟ್‌ಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು. ಐದು ಬೋಲ್ಟ್ ಇದ್ದರೆ ಅಕ್ಕಪಕ್ಕದ ಎರಡು ಬೋಲ್ಟ್‌ಗಳ ದೂರವನ್ನು 1.701ರಿಂದ ಗುಣಿಸಿ. ಮಾರುತಿ 800ರ ಪಿಸಿಡಿ 114.3 ಮಿ.ಮೀ. ಇಂಥ ಬೇರೆ ಕಾರಿನ ಡಿಸ್ಕ್ ನಿಮ್ಮ ಕಾರಿನ ಪಿಸಿಡಿಗೆ ಹೊಂದದಿದ್ದರೆ ಹೊಸದಾಗಿ ಹೋಲ್ ಹಾಕಿಸಬೇಕು, ಇಲ್ಲವೇ ಹಬ್ (ಚಕ್ರ ಕೂರುವ ನಡುವಿನ ತುಂಡು) ಬದಲಿಸಬೇಕು. ಒಂದೆರಡು ಮಿ.ಮೀ. ವ್ಯತ್ಯಾಸ ಇದ್ದಾಗ "ಬಡಿದು ಕೂರಿಸೋಣ ಸಾರ್" ಅನ್ನುವವರು ಸಿಗುತ್ತಾರೆ. ಹಾಗೆ ಕೂರಿಸಿದ ಸ್ಟಡ್, ಅಂದರೆ ಚಕ್ರದ ಬೋಲ್ಟ್, ಒಂದು ದಿನ ತುಂಡಾಗುತ್ತದೆ.

ಎರಡನೆಯದು ರಿಮ್ ಒಳಗಿನ ಜಾಗ. ಪದ್ಮಿನಿಗೆ 14 ಇಂಚಿನ ಚಕ್ರ, ಮಾರುತಿ 800ರದ್ದು 12 ಇಂಚು. ಹಾಗಾಗಿ ವ್ಯಾಸದಲ್ಲಿ ತೊಂದರೆ ಬರುವುದು ಕಡಿಮೆ. ಕಷ್ಟ ಇರುವುದು ಕ್ಯಾಲಿಪರ್‌ನ ಹೊರಮೈ ಮತ್ತು ಚಕ್ರದ ನಡುವಿನ ತಟ್ಟೆಯ ಮಧ್ಯೆ. ಇದನ್ನು ನೋಡುವುದಕ್ಕೆ ಚಪಾತಿ ಹಿಟ್ಟಿಗಿಂತ ಒಳ್ಳೆಯ ಸಾಧನ ಇಲ್ಲ. ಕ್ಯಾಲಿಪರ್ ಮೇಲೆ ಗಟ್ಟಿ ಹಿಟ್ಟಿನ ಉಂಡೆಗಳನ್ನು ಅಂಟಿಸಿ, ಚಕ್ರ ಹಾಕಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬಿಚ್ಚಿ. ಎಲ್ಲಿ ಹಿಟ್ಟು 3 ಮಿ.ಮೀ.ಗಿಂತ ತೆಳುವಾಗಿದೆಯೋ ಅಲ್ಲಿ ಜಾಗ ಸಾಲದು. ಮನೆಯಲ್ಲಿ "ಹಿಟ್ಟು ಎಲ್ಲಿ ಹೋಯ್ತು" ಅಂದರೆ ನಿಮ್ಮ ಉತ್ತರ ನಿಮಗೆ ಬಿಟ್ಟಿದ್ದು.

ಮೂರನೆಯದು ಸ್ಟಡ್ ಉದ್ದ. ಹಬ್ ಮುಂದೆ ಡಿಸ್ಕ್ ಬಂದರೆ ಅದರ ದಪ್ಪದಷ್ಟು ಸ್ಟಡ್ ಕಡಿಮೆಯಾಗುತ್ತದೆ. ವೀಲ್ ನಟ್ ಕನಿಷ್ಠ ಸ್ಟಡ್‌ನ ವ್ಯಾಸದಷ್ಟಾದರೂ ಥ್ರೆಡ್ ಹಿಡಿಯಬೇಕು. 12 ಮಿ.ಮೀ. ಸ್ಟಡ್ ಆದರೆ 12 ಮಿ.ಮೀ. ಹಿಡಿತ.

ಗುಜರಿಯಲ್ಲಿ ಕ್ಯಾಲಿಪರ್ ತೆಗೆದುಕೊಳ್ಳುವವರು ಪಿಸ್ಟನ್ ಹೊರಗೆ ತೆಗೆಸಿ ನೋಡಿ. ತುಕ್ಕಿನ ಗುಳಿ ಇದ್ದರೆ ಬಿಟ್ಟುಬಿಡಿ, ಹೊಸ ರಬ್ಬರ್ ಕಿಟ್ ಹಾಕಿದರೂ ಸೋರುತ್ತದೆ. ಡಿಸ್ಕ್ ಮಾತ್ರ ಹೊಸದೇ ಇರಲಿ. ಹಳೆಯದು ತಂದರೆ ಅದರ ಅಂಚಿನಲ್ಲೋ ನಡುವಿನಲ್ಲೋ ಕೆತ್ತಿರುವ ಕನಿಷ್ಠ ದಪ್ಪಕ್ಕೂ ಈಗಿನ ದಪ್ಪಕ್ಕೂ ಹೋಲಿಸಿ ನೋಡಿ.

ಬಿಚ್ಚುವುದು

ಕಾರಿನ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ಮೇಲೆ ಬೇಡ. ಇಟ್ಟಿಗೆ, ಹಾಲೋ ಬ್ಲಾಕ್ ಅಂತೂ ಬೇಡವೇ ಬೇಡ, ಅವು ಹೇಳದೆ ಕೇಳದೆ ಪುಡಿಯಾಗುತ್ತವೆ.

ಡ್ರಮ್ ತೆಗೆದಾಗ ಒಳಗಿರುವ ಕಪ್ಪು ಪುಡಿಯನ್ನು ಬಾಯಿಂದಾಗಲಿ ಏರ್ ಗನ್ನಿಂದಾಗಲಿ ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಮಾಸ್ಕ್ ಹಾಕಿ, ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಬಿಸಾಡಿ.

ಸ್ಪ್ರಿಂಗ್, ಶೂ, ವೀಲ್ ಸಿಲಿಂಡರ್, ಬ್ಯಾಕ್ ಪ್ಲೇಟ್ ಎಲ್ಲ ತೆಗೆದ ಮೇಲೆ ಹಬ್ ತಿರುಗುವ ಸ್ಟಬ್ ಆಕ್ಸಲ್ ಮಾತ್ರ ಉಳಿಯುತ್ತದೆ. ಬಿಚ್ಚಿದ್ದೆಲ್ಲವನ್ನೂ ಎಡ, ಬಲ ಅಂತ ಬರೆದು ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಫೋಟೋ ತೆಗೆದುಕೊಳ್ಳಿ. ಬೇರಿಂಗ್ ತೊಳೆದು ಬೆರಳಲ್ಲಿ ತಿರುಗಿಸಿ ನೋಡಿ, ಗರಗರ ಅಂದರೆ ಹೊಸದು ಹಾಕುವ ಸಮಯ ಇದೇ.

ಹಬ್ ಮತ್ತು ಬ್ರಾಕೆಟ್

ಇದು ಲೇತ್ ಕೆಲಸ. ಪೀಣ್ಯದಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇದನ್ನು ಕಣ್ಣುಮುಚ್ಚಿ ಮಾಡುವವರು ಇದ್ದಾರೆ, ಆದರೆ ಕಣ್ಣು ಬಿಟ್ಟೇ ಮಾಡಿಸಿ. ಹಬ್‌ನ ಹೊರಮೈ ಟರ್ನಿಂಗ್ ಮಾಡಿಸಿ ಡಿಸ್ಕ್‌ನ ನಡುವಿನ ತೂತು ಅದರ ಮೇಲೆ ಬಿಗಿಯಾಗಿ ಕೂರುವಂತೆ ಮಾಡಬೇಕು. ಡಿಸ್ಕ್ ಬೋಲ್ಟ್‌ಗಳ ಮೇಲೆ ತೂಗಾಡಬಾರದು, ಹಬ್ ಅದನ್ನು ನಡುವಲ್ಲಿ ಹಿಡಿದಿರಬೇಕು. ಹಬ್ ಅನ್ನು ಬೇರಿಂಗ್ ಕೂರುವ ಜಾಗದಿಂದಲೇ ಸೆಂಟರ್ ಮಾಡಿ ಹಿಡಿಯಲು ಹೇಳಿ. ಹೊರಗಿನ ಅಂಚು ಹಿಡಿದು ಟರ್ನಿಂಗ್ ಮಾಡಿದರೆ ಡಿಸ್ಕ್ ಅಲುಗುತ್ತದೆ.

ಬ್ರಾಕೆಟ್ ಅಂದರೆ ಸ್ಟಬ್ ಆಕ್ಸಲ್‌ಗೂ ಕ್ಯಾಲಿಪರ್‌ಗೂ ನಡುವಿನ ಕಬ್ಬಿಣದ ಪ್ಲೇಟ್. ಬ್ಯಾಕ್ ಪ್ಲೇಟ್ ಕೂತಿದ್ದ ಬೋಲ್ಟ್ ಹೋಲ್‌ಗಳಿಗೇ ಇದು ಕೂರುತ್ತದೆ. ನಾನು ಮೊದಲು ಹಳೆಯ ಮದುವೆ ಕಾರ್ಡ್ ಕತ್ತರಿಸಿ ನಮೂನೆ ಮಾಡಿದೆ. ಮದುವೆ ಕಾರ್ಡ್ ದಪ್ಪ ಇರುತ್ತದೆ, ಬಾಗಲ್ಲ, ನಮ್ಮ ಮನೆಗಳಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಅದು ಸರಿ ಕೂತ ಮೇಲೆ ಪ್ಲೈವುಡ್‌ನಲ್ಲಿ ಒಂದು ಕತ್ತರಿಸಿ, ಕ್ಯಾಲಿಪರ್ ಸಮೇತ ಹಾಕಿ ನೋಡಿ. ಕೊನೆಗೆ 12 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್. ತುಂಡು ಸೇರಿಸಿ ವೆಲ್ಡಿಂಗ್ ಮಾಡಿದ ಬ್ರಾಕೆಟ್ ಬೇಡ, ಒಂದೇ ಪ್ಲೇಟಿನಿಂದ ಕತ್ತರಿಸಿದ್ದೇ ಇರಲಿ. ಬೋಲ್ಟ್ ತಲೆ ಮೇಲೆ ಅದರ ಬಲದ ಗುರುತು 8.8 ಅಥವಾ 10.9 ಅಂತ ಇರಬೇಕು. ಏನೂ ಬರೆಯದ ಬೋಲ್ಟ್ ಗೇಟಿಗೆ ಹಾಕುವುದಕ್ಕೆ ಸರಿ.

ಕ್ಯಾಲಿಪರ್ ಕೂರಿಸುವಾಗ ನೋಡಬೇಕಾದ್ದು ಇಷ್ಟು: ಡಿಸ್ಕ್ ಕ್ಯಾಲಿಪರ್‌ನ ನಟ್ಟನಡುವೆ ಹಾದು ಹೋಗಬೇಕು, ಪ್ಯಾಡ್‌ನ ಮೇಲಂಚು ಡಿಸ್ಕ್‌ನಿಂದ ಆಚೆ ಬರಬಾರದು. ಒಂದು ಮಿ.ಮೀ. ಆಚೀಚೆ ಇದ್ದರೆ ಬ್ರಾಕೆಟ್ ಹಿಂದೆ ಶಿಮ್ (ತೆಳು ತಗಡು) ಹಾಕಿ ಸರಿಪಡಿಸಬಹುದು.

ಇನ್ನೊಂದು ಮುಖ್ಯ ವಿಷಯ ನಿಪ್ಪಲ್. ಬ್ಲೀಡಿಂಗ್‌ಗೆ, ಅಂದರೆ ಆಯಿಲ್ ಲೈನಿನೊಳಗಿನ ಗಾಳಿ ಹೊರತೆಗೆಯಲು ಇರುವ ನಿಪ್ಪಲ್ ಯಾವಾಗಲೂ ಕ್ಯಾಲಿಪರ್‌ನ ಮೇಲ್ತುದಿಯಲ್ಲಿ ಇರಬೇಕು, ಯಾಕೆಂದರೆ ಗಾಳಿ ಮೇಲೇರುತ್ತದೆ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೂ ಬೋಲ್ಟ್ ಕೂರುತ್ತದೆ, ಆದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಮೇಲೆ ಎರಡು ಲೀಟರ್ ಆಯಿಲ್ ಸುರಿದು ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜೇ. ನನ್ನ ಗೆಳೆಯನೊಬ್ಬ ಒಂದು ಇಡೀ ಭಾನುವಾರ ಇದರಲ್ಲಿ ಕಳೆದ. ಸಂಜೆ ಅವನ ಮಗಳು ಬಂದು, "ಅಪ್ಪ, ಈ ಮೊಳೆ ಆ ಗಾಡೀಲಿ ಮೇಲಿದೆ, ನಿಂದ್ರಲ್ಲಿ ಯಾಕೆ ಕೆಳಗಿದೆ?" ಅಂದಳು.

ಎಲ್ಲ ಕೂತ ಮೇಲೆ ಅಲುಗಾಟ ಅಳೆಯುವ ಡಯಲ್ ಗೇಜ್ ಹಾಕಿ ಡಿಸ್ಕ್ ತಿರುಗಿಸಿ. ಮೊದಲು ಬೇರಿಂಗ್ ಆಟ ತೆಗೆದಿರಬೇಕು, ಡಿಸ್ಕ್ ಅನ್ನು ನಟ್, ವಾಷರ್ ಹಾಕಿ ಹಬ್‌ಗೆ ಬಿಗಿದಿರಬೇಕು. ಅಲುಗಾಟ 0.1 ಮಿ.ಮೀ. ಮೀರಬಾರದು. ಅದು ಒಂದು ಎ4 ಹಾಳೆಯ ದಪ್ಪ. ಮೀರಿದರೆ ಪೆಡಲ್ ಕಾಲಿಗೆ ಒದೆಯುತ್ತದೆ. ಡಿಸ್ಕ್ ಅನ್ನು ಒಂದು ಬೋಲ್ಟ್ ಜಾಗ ತಿರುಗಿಸಿ ಮತ್ತೆ ನೋಡಿ, ಒಮ್ಮೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ.

ಮಾಸ್ಟರ್ ಸಿಲಿಂಡರ್: ನಾನು ಎಡವಿದ್ದು ಇಲ್ಲೇ

ಮೊದಲ ಸಲ ಕೆಲಸ ಮಾಡಿಸಿದ ಗ್ಯಾರೇಜಿನಲ್ಲಿ "ಹಳೆ ಮಾಸ್ಟರ್ ಚೆನ್ನಾಗಿದೆ ಸಾರ್, ಕಿಟ್ ಹಾಕಿದೀನಿ, ನಡೆಯುತ್ತೆ" ಅಂದರು. ನಡೆಯಿತು. ಮೇಖ್ರಿ ಸರ್ಕಲ್ ತನಕ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಕಾರನ್ನು ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಭಾರ. ಪಕ್ಕಕ್ಕೆ ಹಾಕಿ ಇಳಿದರೆ ಮುಂದಿನ ಎರಡೂ ಚಕ್ರದಿಂದ ಕೆಂಡದ ಕಾವು. ನೀರು ಹನಿಸಿದರೆ ರಿಮ್ ಮೇಲೆ ಚುಯ್ ಅಂತು.

ಆದದ್ದು ಏನೆಂದರೆ, ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್‌ನ ಆಯಿಲ್ ಹೊರಹೋಗುವ ಬಾಯಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಅದು ಪೈಪಿನಲ್ಲಿ ಸ್ವಲ್ಪ ಪ್ರೆಷರ್ ಉಳಿಸುತ್ತದೆ, ಸುಮಾರು 10 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್). ಡ್ರಮ್ಮಿಗೆ ಅದು ಬೇಕು. ಅಲ್ಲಿ ಶೂಗಳನ್ನು ವಾಪಸ್ ಎಳೆಯಲು ಗಟ್ಟಿ ಸ್ಪ್ರಿಂಗ್ ಇದೆ. ಡಿಸ್ಕ್‌ನಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್ ಬಾಗಿ, ಮತ್ತೆ ನೆಟ್ಟಗಾಗುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಎಳೆಯುತ್ತದೆ, ಅಷ್ಟೇ. ಆ ಉಳಿದ ಪ್ರೆಷರ್ ಇದ್ದರೆ ಪ್ಯಾಡ್ ಡಿಸ್ಕ್ ಬಿಟ್ಟು ಬರುವುದೇ ಇಲ್ಲ. ಉಜ್ಜಿ ಬಿಸಿಯಾಗುತ್ತದೆ, ಬಿಸಿಗೆ ಆಯಿಲ್ ಹಿಗ್ಗುತ್ತದೆ, ಇನ್ನೂ ಬಿಗಿಯಾಗುತ್ತದೆ.

ಹಾಗಾಗಿ ಹಳೆಯ ಮಾಸ್ಟರ್ ಬಿಟ್ಟು, ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಕಾರಿನ ಟ್ಯಾಂಡಮ್ ಮಾಸ್ಟರ್ ಹಾಕಿ. ಇದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ. ಹಳೆಯ ಸಿಂಗಲ್ ಮಾಸ್ಟರ್‌ನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಟ್ಯಾಂಡಮ್‌ನಲ್ಲಿ ಮುಂದೆ, ಹಿಂದೆ ಬೇರೆ ಬೇರೆ ಲೈನ್, ಒಂದು ಹೋದರೂ ಇನ್ನೊಂದು ಇರುತ್ತದೆ. ನಿಜ ಹೇಳಬೇಕೆಂದರೆ ದುಡ್ಡು ಒಂದಕ್ಕೇ ಇದೆ ಅಂತಾದರೆ ಡಿಸ್ಕ್ ಬಿಟ್ಟು ಇದನ್ನೇ ಮೊದಲು ಮಾಡಿಸಿ ಅನ್ನುತ್ತೇನೆ.

ಮಾಸ್ಟರ್ ಫ್ಲೋರ್ ಕೆಳಗೆ, ಕ್ಯಾಲಿಪರ್‌ಗಿಂತ ತಗ್ಗಿನಲ್ಲಿ ಇರುವ ಕಾರುಗಳಲ್ಲಿ ಮಾತ್ರ ಡಿಸ್ಕ್ ಲೈನಿಗೆ 2 ಪಿ.ಎಸ್.ಐ.ಯ ವಾಲ್ವ್ ಹಾಕುತ್ತಾರೆ. ಇಲ್ಲದಿದ್ದರೆ ಆಯಿಲ್ ನಿಧಾನವಾಗಿ ಕೆಳಗೆ ಇಳಿದುಬಿಡುತ್ತದೆ.

ಈಗ ಸೈಜ್. ಸ್ವಲ್ಪ ಲೆಕ್ಕ ಇದೆ, ಓಡಿಹೋಗಬೇಡಿ. ಮುಕ್ಕಾಲು ಇಂಚಿನ ಮಾಸ್ಟರ್ ಪಿಸ್ಟನ್‌ನ ಮುಖ 285 ಚದರ ಮಿ.ಮೀ. ಏಳೆಂಟಾಂಶ ಇಂಚಿನದ್ದು, ಅಂದರೆ 22.2 ಮಿ.ಮೀ. ವ್ಯಾಸದ್ದು, 388. ಪೆಡಲ್‌ನ ಅನುಪಾತ 5 ಅಂತ ಇಟ್ಟುಕೊಳ್ಳಿ, ಅಂದರೆ ಪಿವಟ್‌ನಿಂದ ಕಾಲಿಡುವ ಜಾಗದ ದೂರ, ಪುಷ್‌ರಾಡ್ (ಮಾಸ್ಟರ್ ಪಿಸ್ಟನ್ ತಳ್ಳುವ ಕಡ್ಡಿ) ದೂರದ ಐದು ಪಟ್ಟು. ಕಾಲಲ್ಲಿ 30 ಕೆ.ಜಿ. ಒತ್ತಿದರೆ ಪುಷ್‌ರಾಡ್ ಮೇಲೆ 150 ಕೆ.ಜಿ. ಚಿಕ್ಕ ಮಾಸ್ಟರ್‌ನಲ್ಲಿ ಪ್ರೆಷರ್ ಚದರ ಸೆಂ.ಮೀ.ಗೆ ಸುಮಾರು 53 ಕೆ.ಜಿ., ದೊಡ್ಡದರಲ್ಲಿ 39ಕ್ಕೂ ಕಡಿಮೆ. ದೊಡ್ಡ ಮಾಸ್ಟರ್ ಹಾಕಿದರೆ ಬ್ರೇಕ್ ಜೋರಾಗುತ್ತದೆ ಅನ್ನುವುದು ತಪ್ಪು, ಗಟ್ಟಿಯಾಗುತ್ತದೆ ಅಷ್ಟೇ.

ಹಾಗಂತ ತೀರಾ ಚಿಕ್ಕದು ಹಾಕಿದರೆ ಪೆಡಲ್ ಫ್ಲೋರ್ ಮುಟ್ಟುತ್ತದೆ. 48 ಮಿ.ಮೀ. ವ್ಯಾಸದ ಕ್ಯಾಲಿಪರ್ ಪಿಸ್ಟನ್ ಅರ್ಧ ಮಿ.ಮೀ. ಸರಿಯಲು 0.9 ಸಿ.ಸಿ. ಆಯಿಲ್ ಬೇಕು. ಎರಡೂ ಕಡೆ ಸೇರಿ 1.8 ಸಿ.ಸಿ. ಮುಕ್ಕಾಲು ಇಂಚಿನ ಮಾಸ್ಟರ್ ಇದಕ್ಕೆ ಆರು ಮಿ.ಮೀ. ಚಿಲ್ಲರೆ ಒಳಗೆ ಹೋಗಬೇಕು, ಪೆಡಲ್ 32 ಮಿ.ಮೀ. ಇಳಿಯಬೇಕು. ಹಿಂದಿನ ಡ್ರಮ್ಮಿನ ಪಾಲು ಇದಕ್ಕೆ ಸೇರುತ್ತದೆ. ನಿಮ್ಮ ಕ್ಯಾಲಿಪರ್ ಅಳತೆ ಹಾಕಿ ಈ ಲೆಕ್ಕ ಒಮ್ಮೆ ಮಾಡಿ, ಆಮೇಲೆ ಅಂಗಡಿಗೆ ಹೋಗಿ.

ಬ್ರೇಕ್ ಲೈಟನ್ನು ಮರೆಯಬೇಡಿ. ಹಳೆಯ ಕಾರುಗಳಲ್ಲಿ ಅದರ ಸ್ವಿಚ್ ಬ್ರೇಕ್ ಲೈನಿನಲ್ಲೇ ಕೂತಿರುತ್ತದೆ. ಮಾಸ್ಟರ್ ಬದಲಿಸಿದಾಗ ಅದಕ್ಕೆ ಜಾಗ ಇಲ್ಲದಿದ್ದರೆ ಪೆಡಲ್ ಬಳಿ ಹೊಸ ಸ್ವಿಚ್ ಹಾಕಬೇಕು.

ಬೂಸ್ಟರ್

ಡ್ರಮ್ ತಿರುಗುವಾಗ ಒಂದು ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನಷ್ಟು ಒತ್ತಿಕೊಳ್ಳುತ್ತದೆ. ನಮ್ಮ ಕಾಲಿಗೆ ಪುಕ್ಕಟೆ ಸಹಾಯ. ಡಿಸ್ಕ್‌ನಲ್ಲಿ ಈ ಸಹಾಯ ಇಲ್ಲ. ವ್ಯಾಕ್ಯೂಮ್‌ನಿಂದ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಇಲ್ಲದೆ ಡಿಸ್ಕ್ ಹಾಕಿದವರು "ಮುಂಚೇನೇ ಚೆನ್ನಾಗಿತ್ತು" ಅನ್ನುವುದು ಇದಕ್ಕೇ. ಹಗುರ ಕಾರಾದರೆ ಚಿಕ್ಕ ಮಾಸ್ಟರ್‌ನಲ್ಲೇ ಸುಧಾರಿಸಬಹುದು, ಅಂಬಾಸಿಡರ್ ತೂಕಕ್ಕೆ ಬೂಸ್ಟರ್ ಇರಲಿ.

ಇದಕ್ಕೆ ಬೇಕಾದ ವ್ಯಾಕ್ಯೂಮ್ ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲೇ ಸಿಗುತ್ತದೆ. ನಡುವೆ ನಾನ್-ರಿಟರ್ನ್ ವಾಲ್ವ್ ಇರಬೇಕು, ಪೈಪ್ ವ್ಯಾಕ್ಯೂಮ್ ಪೈಪೇ ಆಗಿರಬೇಕು. ಸಾದಾ ನೀರಿನ ಪೈಪ್ ಹೀರಿಕೊಂಡು ಚಪ್ಪಟೆಯಾಗುತ್ತದೆ. ಡೀಸೆಲ್ ಕಾರಿಗೆ ವ್ಯಾಕ್ಯೂಮ್ ಪಂಪ್ ಬೇಕು.

ಬೂಸ್ಟರ್‌ನ ರಾಡ್ ಮತ್ತು ಮಾಸ್ಟರ್ ಪಿಸ್ಟನ್ ನಡುವೆ ಅರ್ಧದಿಂದ ಒಂದು ಮಿ.ಮೀ. ಸಂದು ಇರಲೇಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚೇ ಇರುತ್ತದೆ, ಹೆಬ್ಬಾಳದ ಕಥೆ ಮತ್ತೆ ಶುರು. ಬೂಸ್ಟರ್ ಕೆಲಸ ಮಾಡುತ್ತಿದೆಯಾ ನೋಡಲು ಎಂಜಿನ್ ಆಫ್ ಇಟ್ಟು ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಸರಿ ಇದೆ.

ಪೈಪ್, ಹೋಸ್, ಹಿಂದಿನ ಪ್ರೆಷರ್

ಕೆಲವು ಕಡೆ ಫ್ರಿಡ್ಜಿಗೆ ಹಾಕುವ ತಾಮ್ರದ ಪೈಪನ್ನೇ ಬ್ರೇಕಿಗೂ ಹಾಕಿಕೊಡುತ್ತಾರೆ. ಬೇಡ ಅನ್ನಿ. ಅಲುಗಾಟಕ್ಕೆ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೇ ಮಾಡಿದ 4.75 ಮಿ.ಮೀ. ಸ್ಟೀಲ್ ಅಥವಾ ಕುಪ್ರೋನಿಕಲ್ (ತಾಮ್ರ-ನಿಕಲ್ ಮಿಶ್ರಲೋಹ) ಪೈಪ್ ತನ್ನಿ. ತುದಿ ಡಬಲ್ ಫ್ಲೇರ್ (ಎರಡು ಪದರ ಮಡಿಸಿ ಅಗಲಿಸಿದ ಬಾಯಿ) ಆಗಿರಬೇಕು, ಮತ್ತು ಕೂರುವ ಬಾಯಿಯ ಆಕಾರಕ್ಕೆ ಹೊಂದಬೇಕು. ಥ್ರೆಡ್ ವಿಷಯದಲ್ಲಿ ಎಚ್ಚರ. ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು, ಇಂಚು ಥ್ರೆಡ್. ಮಾರುತಿ ಸಾಮಾನು ಮೆಟ್ರಿಕ್. ಒಂದರ ನಟ್ ಇನ್ನೊಂದಕ್ಕೆ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಪಾನಾ ಹಾಕಿ ಒತ್ತಾಯ ಮಾಡಬೇಡಿ.

ಹೊಸ ಹೋಸ್ ಹಾಕಿದ ಮೇಲೆ ಸ್ಟಿಯರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಚಕ್ರ ನೇತಾಡುವಾಗಲೂ ನೋಡಿ, ಕಾರು ಕೆಳಗಿಳಿದಾಗಲೂ ನೋಡಿ. ಎಲ್ಲೂ ಬಿಗಿಯಬಾರದು, ಟೈರಿಗೆ ಉಜ್ಜಬಾರದು.

ಈಗ ಹಿಂದಿನ ಡ್ರಮ್. ಡಿಸ್ಕಿಗಾಗಿ ನಾವು ಲೈನ್ ಪ್ರೆಷರ್ ಹೆಚ್ಚಿಸಿದೆವು. ಆ ಪ್ರೆಷರ್ ಹಿಂದಕ್ಕೂ ಹೋಗುತ್ತದೆ, ಅಲ್ಲಿ ಡ್ರಮ್ ತನ್ನ ಪುಕ್ಕಟೆ ಸಹಾಯವನ್ನೂ ಸೇರಿಸುತ್ತದೆ. ಪರಿಣಾಮ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರಿನ ಹಿಂಭಾಗ ಮುಂದೆ ಬರಲು ನೋಡುತ್ತದೆ. ಇದಕ್ಕೆ ಹಿಂದಿನ ಲೈನಿನಲ್ಲಿ ಹಿಂದಕ್ಕೆ ಹೋಗುವ ಪ್ರೆಷರ್ ತಗ್ಗಿಸುವ, ಅಡ್ಜಸ್ಟ್ ಮಾಡಬಹುದಾದ ಪ್ರಪೋರ್ಶನಿಂಗ್ ವಾಲ್ವ್ ಹಾಕಿ. ಇದನ್ನು ದುಡ್ಡು ಉಳಿಸಲು ಬಿಡುವವರು ಜಾಸ್ತಿ. ಮಳೆಗಾಲದ ತನಕ ಅವರಿಗೆ ತಪ್ಪು ಗೊತ್ತಾಗಲ್ಲ.

ಬ್ಲೀಡಿಂಗ್

ಡಾಟ್ 3 ಅಥವಾ ಡಾಟ್ 4 ಆಯಿಲ್, ಹೊಸ ಸೀಲ್ ತೆಗೆದ ಡಬ್ಬಿಯಿಂದ. ನಾನು ಡಾಟ್ 4 ಹಾಕುತ್ತೇನೆ. ಹೊಸದರಲ್ಲಿ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155ಕ್ಕೆ ಇಳಿಯುತ್ತದೆ. ಡಾಟ್ 5 ಸಿಲಿಕಾನ್‌ನದ್ದು, ಇದರ ಜೊತೆ ಬೆರೆಸುವಂತಿಲ್ಲ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಸಿಪ್ಪೆ ಏಳುತ್ತದೆ.

ಮಾಸ್ಟರ್‌ಗೆ ದೂರದ ಚಕ್ರದಿಂದ ಶುರು ಮಾಡಿ. ನಮ್ಮ ಬಲಗೈ ಸ್ಟಿಯರಿಂಗ್ ಕಾರುಗಳಲ್ಲಿ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಮನೆಯವರೊಬ್ಬರನ್ನು ಪೆಡಲ್ ಮೇಲೆ ಕೂರಿಸಿ. ಅವರು "ಒತ್ತಿದೆ" ಅನ್ನಬೇಕು, ಆಗ ನಿಪ್ಪಲ್ ತೆರೆಯಿರಿ, ಮುಚ್ಚಿ, ಆಮೇಲೆ ಅವರು ಕಾಲು ತೆಗೆಯಬೇಕು. ಪೈಪಿನ ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ, ಗುಳ್ಳೆ ಕಾಣುತ್ತದೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ.

ಮುಗಿದ ಮೇಲೆ ಪೆಡಲ್ ಒತ್ತಿ ಬಿಡಿ, ಮುಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಪ್ಯಾಡ್ ಸ್ವಲ್ಪ ಸವರುವ ಸದ್ದು ಪರವಾಗಿಲ್ಲ. ತಿರುಗದೆ ಬಿಗಿಯಾಗಿದ್ದರೆ ಆ ಚಕ್ರದ ನಿಪ್ಪಲ್ ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಪ್ರೆಷರ್ ಸಿಕ್ಕಿಕೊಂಡಿದೆ. ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಬಿಟ್ಟು ಬಿಗಿ ಬರಿಸಿ, ಈ ಸಲ ಮಾಸ್ಟರ್ ಸಿಲಿಂಡರ್‌ನ ನಟ್‌ಗಳನ್ನು ಎರಡು ಮಿ.ಮೀ. ಸಡಿಲಿಸಿ. ಆಗ ಬಿಟ್ಟರೆ ಬೂಸ್ಟರ್ ರಾಡ್ ಉದ್ದ ಇದೆ, ಬಿಡದಿದ್ದರೆ ಮಾಸ್ಟರ್ ಬಾಯಲ್ಲಿ ಪ್ರೆಷರ್ ಉಳಿಸುವ ವಾಲ್ವ್ ಅಥವಾ ಹೋಸ್ ನೋಡಿ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಕ್ಯಾಲಿಪರ್‌ನ ಪಿಸ್ಟನ್ನೋ ಅದು ಜಾರುವ ಸ್ಲೈಡ್ ಪಿನ್ನೋ ಹಿಡಿದಿರಬಹುದು. ಈ ಹತ್ತು ನಿಮಿಷದ ಪರೀಕ್ಷೆ ಆ ದಿನ ನನಗೆ ಗೊತ್ತಿದ್ದರೆ ಟೋಯಿಂಗ್ ದುಡ್ಡು ಉಳಿಯುತ್ತಿತ್ತು.

ರಸ್ತೆಗೆ

ಮೊದಲು ಮನೆ ಮುಂದೆ ನಡಿಗೆ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ. ಇಳಿದು ಎಲ್ಲ ಜಾಯಿಂಟ್ ಟಾರ್ಚ್ ಹಾಕಿ ನೋಡಿ. ಒಂದು ಹನಿ ಕಂಡರೂ ಗಾಡಿ ಹೊರಗೆ ಹೋಗಬಾರದು.

ಆಮೇಲೆ ಭಾನುವಾರ ಬೆಳಗ್ಗೆ ಆರಕ್ಕೆ ಖಾಲಿ ರಸ್ತೆ ಹುಡುಕಿ. ನಾನು ಹೋಗಿದ್ದು ಕೆಂಪೇಗೌಡ ಲೇಔಟಿಗೆ. ಅಗಲ ರಸ್ತೆ, ಮನೆಗಳು ಕಡಿಮೆ, ನಾಯಿಗಳು ಮಾತ್ರ ಜಾಸ್ತಿ. 50ರಿಂದ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ 50ಕ್ಕೆ. ಹೀಗೆ ಎಂಟು ಹತ್ತು ಸಲ. ಕೊನೆಗೆ ಬ್ರೇಕ್ ಮುಟ್ಟದೆ ಐದಾರು ಕಿ.ಮೀ. ಓಡಿಸಿ ತಣಿಸಿ. ಬಿಸಿ ಇರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಬೇಡಿ.

ಪ್ರಪೋರ್ಶನಿಂಗ್ ವಾಲ್ವ್ ಸೆಟ್ ಮಾಡಲು ಇಬ್ಬರು ಬೇಕು. ಗೆಳೆಯ ರಸ್ತೆ ಪಕ್ಕ ದೂರದಲ್ಲಿ ನಿಂತು ಚಕ್ರ ನೋಡಲಿ, ನೀವು 30ರಲ್ಲಿ ಬಂದು ಜೋರಾಗಿ ಬ್ರೇಕ್ ಹಾಕಿ. ಮುಂದಿನದು ಮೊದಲು ಲಾಕ್ ಆಗಬೇಕು. ಹಿಂದಿನದು ಮೊದಲಾದರೆ ವಾಲ್ವ್ ತಿರುಗಿಸಿ ಹಿಂದಿನ ಪ್ರೆಷರ್ ಕಡಿಮೆ ಮಾಡಿ, ಮತ್ತೆ ನೋಡಿ. ನೀರು ಚೆಲ್ಲಿದ ರಸ್ತೆಯಲ್ಲೂ ಒಮ್ಮೆ ನೋಡಿ. ನನಗೆ ಆರು ಸಲ ಬೇಕಾಯಿತು. 100 ಕಿ.ಮೀ. ಆದ ಮೇಲೆ ಬ್ರಾಕೆಟ್ ಬೋಲ್ಟ್, ವೀಲ್ ನಟ್ ಮತ್ತೆ ಬಿಗಿ ನೋಡಿ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಆರ್.ಟಿ.ಒ.ದಲ್ಲಿ ಒಮ್ಮೆ ಕೇಳಿಕೊಳ್ಳಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಬಿಲ್ಲು, ಫೋಟೋ, ಲೇತ್ ಅಳತೆ ಎಲ್ಲ ಒಂದು ಫೈಲಿನಲ್ಲಿರಲಿ.

ಬಿಚ್ಚಿದ ಡ್ರಮ್, ಬ್ಯಾಕ್ ಪ್ಲೇಟ್‌ಗಳನ್ನು ಗುಜರಿಗೆ ಹಾಕಬೇಡಿ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರುಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನನ್ನ ಕಾರಿಗೆ 50 ತುಂಬುವುದು 2032ಕ್ಕೆ. ಹಳೆಯ ಹಬ್ ಅನ್ನು ಲೇತಿಗೆ ಕೊಡದೆ, ಗುಜರಿಯಿಂದ ಇನ್ನೊಂದು ಜೊತೆ ತಂದು ಅದನ್ನೇ ಟರ್ನಿಂಗ್ ಮಾಡಿಸಿದ್ದು ಇದಕ್ಕೇ. ಮೂಲ ಸಾಮಾನಿಗೆ ಗ್ರೀಸ್ ಹಚ್ಚಿ, ಗೋಣಿಚೀಲದಲ್ಲಿ ಕಟ್ಟಿ, ಎಡ, ಬಲ ಅಂತ ಚೀಟಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ.